ದೂರವೋ, ಗುರಿಯೋ? ಕಾಸರಗೋಡಿನ ಹೊಳೆಗಳಲ್ಲಿ ಫ್ಲೈ ರಾಡ್ ಬೀಸುವವರಿಗೆ

ಅಡಿಕೆ ಸಸಿ ನೆಡುವಾಗ ನಮ್ಮಲ್ಲಿ 2.7 ಮೀಟರ್ ಅಂತರ ಬಿಡುತ್ತಾರೆ. ಹತ್ತಿರ ಹತ್ತಿರ 9 ಅಡಿ. ಫ್ಲೈ ಫಿಶಿಂಗ್, ಅಂದರೆ ಪುಕ್ಕ ಸುತ್ತಿದ ಹಗುರ ಕೊಕ್ಕೆಯಿಂದ ಮೀನು ಹಿಡಿಯುವುದು, ಶುರು ಮಾಡುವವರು ಸಾಮಾನ್ಯವಾಗಿ ಕೊಳ್ಳುವ ರಾಡ್ ಕೂಡ 9 ಅಡಿಯದ್ದೇ. ತೋಟದ ನಡುವಿನ ತೋಡಿಗೆ ಇಳಿದು ಆ ರಾಡನ್ನು ಅಡ್ಡ ಹಿಡಿದರೆ ತುದಿ ಪಕ್ಕದ ಮರಕ್ಕೆ ತಾಗುತ್ತದೆ. ಹಿಂದೆಯೂ ಸೋಗೆ, ಮುಂದೆಯೂ ಸೋಗೆ. ಅಲ್ಲಿ 25 ಮೀಟರ್ ಎಸೆಯುವ ಮಾತೇ ಇಲ್ಲ. ಇಂಥ ತೋಡುಗಳೆಲ್ಲ ಸೇರಿ ಹೊಳೆಯಾಗಿ ಶಿರಿಯದ ಅಳಿವೆಗೆ ಬಂದಾಗ ಎದುರಿಗೆ ಬರೀ ನೀರು, ಹೊಯಿಗೆ, ಗಾಳಿ. ಅಲ್ಲಿ 10 ಮೀಟರ್ ಎಸೆದರೆ ಮೀನಿನ ಹತ್ತಿರಕ್ಕೂ ಹೋಗುವುದಿಲ್ಲ.

ಈ ಎರಡು ಜಾಗಗಳಿಗೂ ಒಂದೇ ದಿನ ಹೋಗಿ ಬರಬಹುದು. ಹಾಗಾಗಿಯೇ ಹೊಸಬರು ಮೊದಲು ಕೇಳುವುದು ಇದನ್ನೇ: ದೂರ ಎಸೆಯುವುದನ್ನು ಕಲಿಯಬೇಕಾ, ಗುರಿಗೆ ಎಸೆಯುವುದನ್ನು ಕಲಿಯಬೇಕಾ? ಇದರ ಮೇಲೆ ರಾಡ್ ಯಾವುದು, ಲೈನ್ ಯಾವುದು, ಸಂಜೆಯ ಅಭ್ಯಾಸ ಹೇಗೆ ಎಂಬುದೆಲ್ಲ ನಿಂತಿದೆ. ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ನಮ್ಮ ಜಿಲ್ಲೆಯ ನೀರಿಗೆ ಮೊದಲು ಗುರಿ. ಅದೂ 12 ಮೀಟರಿನ ಒಳಗೆ. ದೂರ ಆಮೇಲೆ. ಆದರೆ ದೂರವನ್ನು ಬಿಟ್ಟೇಬಿಟ್ಟರೆ ಗುರಿಯೂ ಒಂದು ಹಂತದಲ್ಲಿ ನಿಂತುಹೋಗುತ್ತದೆ.

ತೂಕ ಎಲ್ಲಿದೆ?

ಬೀಸುಬಲೆ ಹಾಕುವವರಿಗೆ ಇದು ಬೇಗ ಅರ್ಥವಾಗುತ್ತದೆ. ಬಲೆಯ ತೂಕ ಅಂಚಿನ ಸೀಸದ ಮಣಿಗಳಲ್ಲಿದೆ. ಮಾಮೂಲಿ ಗಾಳದಲ್ಲಿ ತೂಕ ಸೀಸದ ಗುಂಡಿನಲ್ಲಿದೆ, ಗುಂಡು ಹಾರುತ್ತದೆ, ದಾರ ಹಿಂದೆ ಹೋಗುತ್ತದೆ. ಫ್ಲೈ ಅಂದರೆ ಕೊಕ್ಕೆಗೆ ಸುತ್ತಿದ ಕೋಳಿ ಪುಕ್ಕ, ನೂಲು, ಒಂದಿಷ್ಟು ಮಿನುಗು. ಅದಕ್ಕೆ ತೂಕವೇ ಇಲ್ಲ ಅನ್ನಬಹುದು. ಇಲ್ಲಿ ತೂಕ ಇರುವುದು ಲೈನಿನಲ್ಲಿ. ಲೈನ್ ಹಾರುತ್ತದೆ, ಫ್ಲೈ ಅದರ ಬಾಲಕ್ಕೆ ಅಂಟಿಕೊಂಡು ಹೋಗುತ್ತದೆ.

1961ರಲ್ಲಿ ಅಮೆರಿಕದ ತಯಾರಕರು ಸೇರಿ ಲೈನುಗಳಿಗೆ ನಂಬರ್ ಕೊಟ್ಟರು. ಲೈನಿನ ಮೊದಲ 30 ಅಡಿ ಎಷ್ಟು ತೂಗುತ್ತದೆ ಎಂಬುದರ ಮೇಲೆ ಆ ನಂಬರ್. 5 ನಂಬರ್ ಲೈನಿನ ಮೊದಲ 30 ಅಡಿ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 8 ನಂಬರಿನದ್ದು 210 ಗ್ರೇನ್, ಸುಮಾರು 13.6 ಗ್ರಾಂ. ರಾಡ್ ಮೇಲೆ ಬರೆದ ನಂಬರೂ ಇದೇ ಲೆಕ್ಕದ್ದು.

ಈ 30 ಅಡಿ ಅನ್ನುವುದನ್ನು ನೆನಪಿಡಿ. ಅದು 9 ಮೀಟರ್ ಚಿಲ್ಲರೆ. ಅಷ್ಟು ಲೈನ್ ತುದಿಯಿಂದ ಹೊರಗಿದ್ದಾಗ ರಾಡ್ ತನ್ನ ಹದಕ್ಕೆ ಬಾಗುತ್ತದೆ. ತೋಡಿನಲ್ಲಿ ನಾವು 5 ಮೀಟರ್ ಲೈನ್ ಮಾತ್ರ ಬಿಟ್ಟಿರುತ್ತೇವೆ, ಆಗ ಗಟ್ಟಿ ರಾಡ್ ಕಬ್ಬಿಣದ ಸರಳಿನ ಹಾಗೆ ಅನ್ನಿಸುತ್ತದೆ. ಅಳಿವೆಯಲ್ಲಿ 15 ಮೀಟರ್ ಗಾಳಿಯಲ್ಲಿ ಎತ್ತಿ ಹಿಡಿದಿರುತ್ತೇವೆ, ಆಗ ಮೆತ್ತನೆಯ ರಾಡ್ ಸೋತು ಬಾಗಿಹೋಗುತ್ತದೆ. ದೂರಕ್ಕೆ ಒಳ್ಳೆಯ ರಾಡ್ ಹತ್ತಿರದ ಗುರಿಗೆ ಯಾಕೆ ಒಗ್ಗುವುದಿಲ್ಲ ಅನ್ನುವುದಕ್ಕೆ ಕಾರಣ ಇಷ್ಟೇ.

ಎರಡಕ್ಕೂ ಬೇಕಾದದ್ದು, ಒಂದಕ್ಕೇ ಬೇಕಾದದ್ದು

ರಾಡಿನ ತುದಿ ನೇರ ಗೆರೆಯಲ್ಲಿ ಹೋಗಬೇಕು. ನಿಧಾನ ಶುರುವಾಗಿ, ವೇಗ ಏರಿ, ಗಪ್ಪನೆ ನಿಲ್ಲಬೇಕು. ನಿಂತ ಕೂಡಲೇ ಲೈನ್ ಮಡಚಿಕೊಂಡು ಮುಂದೆ ಉರುಳುತ್ತದೆ. ಅದಕ್ಕೇ ಲೂಪ್ ಅನ್ನುವುದು. ಲೂಪ್ ಕಿರಿದಾಗಿದ್ದರೆ ಗಾಳಿಯನ್ನು ಸೀಳಿ ಹೋಗುತ್ತದೆ. ಅಗಲವಾದರೆ ಅರ್ಧ ದಾರಿಯಲ್ಲೇ ಸತ್ತುಹೋಗುತ್ತದೆ. ಇದು ದೂರಕ್ಕೂ ಬೇಕು, ಗುರಿಗೂ ಬೇಕು.

ವ್ಯತ್ಯಾಸ ಕೈ ಚಲಿಸುವ ಅಳತೆಯಲ್ಲಿದೆ. 8 ಮೀಟರ್ ಲೈನಿಗೆ ಕೈ ಒಂದು ಗೇಣು ಚಲಿಸಿದರೆ ಸಾಕು. ಲೈನ್ ಉದ್ದವಾದಷ್ಟೂ ರಾಡ್ ಹೆಚ್ಚು ಬಾಗುತ್ತದೆ, ತುದಿಯ ದಾರಿ ನೇರ ಇರಬೇಕೆಂದರೆ ಕೈ ಉದ್ದಕ್ಕೆ, ಕಿವಿಯ ಹಿಂದಿನಿಂದ ಮುಂದಕ್ಕೆ ಹೋಗಬೇಕು. ಉದ್ದ ಲೈನಿಗೆ ಗಿಡ್ಡ ಕೈ ಹಾಕಿ ಜೋರು ಕೊಟ್ಟರೆ ತುದಿ ಕೆಳಗೆ ಕುಸಿಯುತ್ತದೆ, ಮೇಲಿನ ಲೈನ್ ಕೆಳಗಿನದ್ದಕ್ಕೆ ಸಿಕ್ಕಿಕೊಳ್ಳುತ್ತದೆ. ಲೀಡರಿನಲ್ಲಿ, ಅಂದರೆ ಲೈನಿಗೂ ಫ್ಲೈಗೂ ನಡುವಿನ ತೆಳು ನೈಲಾನ್ ದಾರದಲ್ಲಿ, ಸಣ್ಣ ಗಂಟು ಬೀಳುತ್ತದೆ. ಗಾಳಿಯಿಂದ ಗಂಟು ಬಿತ್ತು ಅನ್ನುತ್ತೇವೆ. ಹೆಚ್ಚಿನ ಸಲ ಅದು ಕೈಯಿಂದ ಬಿದ್ದದ್ದು. ಆ ಗಂಟು ಇದ್ದಲ್ಲಿ ನೈಲಾನ್ ತನ್ನ ಬಲದ ದೊಡ್ಡ ಪಾಲು ಕಳೆದುಕೊಳ್ಳುತ್ತದೆ. ನಾಲ್ಕೈದು ಎಸೆತಕ್ಕೊಮ್ಮೆ ಬೆರಳಿನಿಂದ ಸವರಿ ನೋಡಿ, ಸಿಕ್ಕಿದರೆ ಕತ್ತರಿಸಿ ಹೊಸದು ಕಟ್ಟಿ.

ಗುರಿಗೆ ಬೇಕಾದದ್ದು ಬೇರೆ. ರಾಡ್ ತಲೆಯ ಮೇಲೆ ನೆಟ್ಟಗೆ ಹೋಗಬೇಕು, ಆಗ ಲೈನ್ ಕಣ್ಣು ಮತ್ತು ಗುರಿಯ ಒಂದೇ ಗೆರೆಯಲ್ಲಿ ಸಾಗುತ್ತದೆ. ಬದಿಯಿಂದ ಬೀಸಿದರೆ ಎಡಕ್ಕೋ ಬಲಕ್ಕೋ ತಿರುಗಿಯೇ ಬೀಳುತ್ತದೆ. ಕಣ್ಣು ಫ್ಲೈ ಮೇಲೆ ಅಲ್ಲ, ಬೀಳಬೇಕಾದ ಜಾಗದ ಮೇಲೆ ಇರಬೇಕು. ಹತ್ತಿರದ ಗುರಿಗೆ ಎಸೆತ ಸ್ವಲ್ಪ ಕೆಳಮುಖ, ದೂರಕ್ಕೆ ಸ್ವಲ್ಪ ಮೇಲ್ಮುಖ. ಗಾಳಿಯಲ್ಲಿ ಹಿಂದೆ ಮುಂದೆ ಬೀಸಿ ಉದ್ದ ಅಳೆಯುವುದಾದರೆ ಮೀನಿನ ತಲೆಯ ಮೇಲೆ ಅಳೆಯಬೇಡಿ. ನೆರಳು ಬಿದ್ದರೆ ಮೀನು ಹೋಯಿತು. ಎರಡು ಮಾರು ಪಕ್ಕಕ್ಕೆ ಅಳೆದು, ಕೊನೆಯ ಎಸೆತಕ್ಕೆ ದಿಕ್ಕು ಬದಲಿಸಿ.

ಒಂದು ಸಣ್ಣ ಲೆಕ್ಕ ನೋಡಿ. ನಿಮ್ಮ ಕೈ 2 ಡಿಗ್ರಿ ತಪ್ಪಿತು ಅಂದುಕೊಳ್ಳಿ. 10 ಮೀಟರಿನಲ್ಲಿ ಫ್ಲೈ 35 ಸೆಂಟಿಮೀಟರ್ ಆಚೆ ಬೀಳುತ್ತದೆ. ಅದೇ ತಪ್ಪು 25 ಮೀಟರಿನಲ್ಲಿ 87 ಸೆಂಟಿಮೀಟರ್ ಆಗುತ್ತದೆ. ಗಾಳಿಯ ತಳ್ಳಾಟ ಇನ್ನೂ ಸೇರಿಸಿಲ್ಲ. ದೂರ ಹೆಚ್ಚಾದಂತೆ ಕೊಕ್ಕೆ ಸಿಕ್ಕಿಸುವುದೂ ಕಷ್ಟ. ಮೀನು ಕಚ್ಚಿದಾಗ ಎಡಗೈಯಿಂದ ಲೈನ್ ಎಳೆಯುತ್ತೇವೆ, ಆದರೆ ನೀರಿನ ಮೇಲೆ ಲೈನ್ ಬಿಲ್ಲಿನ ಹಾಗೆ ಬಾಗಿದ್ದರೆ ಆ ಎಳೆತ ಕೊಕ್ಕೆಗೆ ತಲುಪುವ ಮೊದಲೇ ಮೀನು ಉಗುಳಿರುತ್ತದೆ.

ತೋಡು ಮತ್ತು ಮೇಲಿನ ಹೊಳೆ: ಗುರಿಯೊಂದೇ

ಮುಳ್ಳೇರಿಯ, ಆದೂರು ಕಡೆಯ ಪಯಸ್ವಿನಿ, ಎಣ್ಮಕಜೆ ಕಡೆಯ ತೋಡುಗಳು, ಇಲ್ಲೆಲ್ಲ ದೂರದ ವಿಚಾರವೇ ಬೇಡ. ಮಳೆ ನಿಂತ ಮೇಲೆ ಕೃಷಿಕರು ತೋಡಿಗೆ ಅಡ್ಡ ಕಟ್ಟ ಕಟ್ಟುತ್ತಾರಲ್ಲ, ಅದರ ಮೇಲ್ಭಾಗದಲ್ಲಿ ಬೇಸಿಗೆಯವರೆಗೂ ನೀರು ನಿಲ್ಲುತ್ತದೆ. ನಿಂತ ನೀರು ಕನ್ನಡಿಯ ಹಾಗೆ. ಮೀನು ನಿಮ್ಮನ್ನು ಮೊದಲೇ ನೋಡಿರುತ್ತದೆ. ಬಗ್ಗಿಕೊಂಡು ಹೋಗಿ, ಒಂದೇ ಎಸೆತಕ್ಕೆ, ಸದ್ದಿಲ್ಲದೆ ಇಳಿಸಬೇಕು.

ಹಿಂದಕ್ಕೆ ಬೀಸಲು ಜಾಗ ಇಲ್ಲದಿದ್ದರೆ ರೋಲ್ ಕಾಸ್ಟ್ ಕಲಿಯಿರಿ. ಲೈನನ್ನು ನೀರಿನ ಮೇಲೆ ಮೆಲ್ಲಗೆ ಎಳೆದು ತಂದು, ರಾಡಿನ ಹಿಂದೆ ಇಂಗ್ಲಿಷಿನ ಡಿ ಅಕ್ಷರದ ಹಾಗೆ ಜೋಲಲು ಬಿಟ್ಟು, ಮುಂದಕ್ಕೆ ಕುಟ್ಟಿದರೆ ಅದು ಉರುಳಿಕೊಂಡು ಹೋಗುತ್ತದೆ. ಅದಕ್ಕೂ ಜಾಗ ಇಲ್ಲದ ಕಡೆ ಬಿಲ್ಲಿನ ಹಾಗೆ ಎಸೆಯಬಹುದು. ಕೊಕ್ಕೆಯ ಬಾಗನ್ನು ಎರಡು ಬೆರಳಲ್ಲಿ ಹಿಡಿದು, ಮೊನೆ ಬೆರಳಿಗೆ ತಾಗದ ಹಾಗೆ, ರಾಡ್ ಬಾಗುವಷ್ಟು ಹಿಂದಕ್ಕೆ ಎಳೆದು ಬಿಡುವುದು. 4-5 ಮೀಟರ್ ಹೋಗುತ್ತದೆ. ಮರದ ಬುಡದ ಗುಂಡಿಗೆ ಅಷ್ಟು ಸಾಕು.

ಮೊದಲ ಮಳೆಗೆ ಹತ್ತುಮೀನು ಬರುವಾಗ ಮಾತ್ರ ರಾಡ್ ಮನೆಯಲ್ಲೇ ಇರಲಿ. ಹೊಟ್ಟೆ ತುಂಬ ಮೊಟ್ಟೆ ಹೊತ್ತು ಹತ್ತುವ ಮೀನು ಅದು. ಅದನ್ನು ಹಿಡಿಯುವುದಕ್ಕೆ ಕೇರಳದಲ್ಲಿ ನಿಷೇಧವೂ ಇದೆ. ತೋಡಿನಲ್ಲಿ ಮುಂದಿನ ವರ್ಷ ಮೀನು ಇರಬೇಕು ಅಂತಿದ್ದರೆ ಆ ಎರಡು ವಾರ ಸುಮ್ನೆ ದಡದಲ್ಲಿ ನಿಂತು ನೋಡಬೇಕು, ಅಲ್ವಾ?

ಕಾಂಡ್ಲದ ಅಂಚು: ನಾನು ಕಲಿತ ಜಾಗ

ನಾನು ಮೊದಲು ಕೊಂಡದ್ದು ದೂರಕ್ಕೆ ಅಂತಲೇ ಮಾರುವ ಗಟ್ಟಿ 8 ನಂಬರ್ ರಾಡ್. ಅಂಗಡಿಯವರು ಇದೇ ಎಲ್ಲದಕ್ಕೂ ಸಾಕು ಅಂದಿದ್ದರು. ಎರಡು ವರ್ಷ ಬರೀ ಮೀಟರ್ ಲೆಕ್ಕ ಹಾಕಿದೆ. 18 ಆಯಿತು, 20 ಆಯಿತು, 22 ಆಯಿತು. ಆಮೇಲೆ ಒಂದು ದಿನ ಹೊಳೆಯಲ್ಲಿ ದೋಣಿ ನಡೆಸುವ ಇಚ್ಚ ನನ್ನನ್ನು ಕಾಂಡ್ಲ, ಅಂದರೆ ಉಪ್ಪುನೀರಿನಲ್ಲಿ ಬೇರು ಬಿಟ್ಟು ನಿಲ್ಲುವ ಮ್ಯಾಂಗ್ರೋವ್ ಗಿಡಗಳ ಅಂಚಿಗೆ ಕರೆದುಕೊಂಡು ಹೋದರು. ನೀರು ಇಳಿಯುತ್ತಿತ್ತು. ನಾನು ದೋಣಿಯ ಮೂತಿಯಲ್ಲಿ ನಿಂತು ನಡುಹೊಳೆಗೆ ಎಸೆದೆ. ಚೆನ್ನಾಗಿಯೇ ಹೋಯಿತು. ಇಚ್ಚ ಹುಟ್ಟನ್ನು ಮೊಣಕಾಲ ಮೇಲೆ ಅಡ್ಡ ಇಟ್ಟುಕೊಂಡು ಹೇಳಿದರು, "ಮಾಷೇ, ಅಲ್ಲಿ ಏನೂ ಇಲ್ಲ. ಮೀನು ಬೇರಿನ ಒಳಗೆ ಕೂತಿದೆ."

ಅವರು ತೋರಿಸಿದ ಕಡೆ ನೋಡಿದೆ. ಎರಡು ಬೇರುಗಳ ನಡುವೆ ಒಂದು ಮೊರದಷ್ಟು ಕಪ್ಪು ನೀರು. ಮೇಲೆ ಒಂದು ಕೊಂಬೆ, ನೀರಿಗೂ ಕೊಂಬೆಗೂ ನಡುವೆ ಮೊಣಕೈ ಉದ್ದದ ಸಂದು. ದೋಣಿಯಿಂದ 9 ಮೀಟರ್ ಇರಬಹುದು. ಮೊದಲ ಎಸೆತ ಕೊಂಬೆಗೆ ಸುತ್ತಿಕೊಂಡಿತು. ಎರಡನೆಯದು ಒಂದು ಮಾರು ಹೊರಗೆ ಬಿತ್ತು. ಮೂರನೆಯದೂ ಹೊರಗೇ. ನೀರು ಒಳಗೊಳಗೇ ಒಮ್ಮೆ ಉಬ್ಬಿ ಸುಮ್ಮನಾಯಿತು. ಕೆಂಬೇರಿ ಒಳಕ್ಕೆ ಹೋಗಿತ್ತು. 22 ಮೀಟರ್ ಎಸೆಯುವ ಕೈಗೆ 9 ಮೀಟರ್ ಬರಲಿಲ್ಲ.

ಕೆಂಬೇರಿ, ಕಾಳಾಂಜಿ ಎರಡೂ ಹೊಂಚು ಹಾಕುವ ಮೀನುಗಳು. ಬೇರು, ಕಲ್ಲು, ಹಳೆಯ ಕಂಬದ ನೆರಳಲ್ಲಿ ಕೂತು, ಇಳಿತದ ನೀರು ಹೊತ್ತು ತರುವ ಸಿಗಡಿ, ಸಣ್ಣ ಮೀನಿಗೆ ಕಾಯುತ್ತವೆ. ಮುಖದ ಮುಂದೆ ಬಿದ್ದರೆ ಹಾರಿ ಹಿಡಿಯುತ್ತವೆ, ಒಂದು ಮಾರು ಆಚೆ ಬಿದ್ದರೆ ನೋಡಿಯೂ ಬರುವುದಿಲ್ಲ. ಇಲ್ಲಿ ಮಾತ್ರ ರಾಡನ್ನು ಅಡ್ಡಕ್ಕೆ, ನೀರಿಗೆ ಸಮವಾಗಿ ಬೀಸಬೇಕು, ಆಗ ಲೂಪ್ ಕೊಂಬೆಯ ಅಡಿಗೆ ನುಸುಳುತ್ತದೆ. ಲೀಡರ್ 6-7 ಅಡಿ ಸಾಕು. ಗಿಡ್ಡ ಲೀಡರ್ ಭಾರದ ಫ್ಲೈಯನ್ನು ಸರಿಯಾಗಿ ಮಗುಚಿ ಇಳಿಸುತ್ತದೆ. ಅದರ ಕೊನೆಯ ತುಂಡು 40 ಪೌಂಡ್ ಎಳೆತ ತಡೆಯುವಂಥದ್ದಿರಲಿ. ಕೆಂಬೇರಿ ಕಚ್ಚಿದ ಮರುಕ್ಷಣ ಬೇರಿಗೆ ನುಗ್ಗುತ್ತದೆ, ತೆಳು ದಾರ ಚಿಪ್ಪು ಅಂಟಿದ ಬೇರಿಗೆ ಉಜ್ಜಿ ಹೋಗುತ್ತದೆ. ಕೊಕ್ಕೆಯ ಮೊನೆಗೆ ನೈಲಾನಿನ ಸಣ್ಣ ಕುಣಿಕೆ ಅಡ್ಡ ಕಟ್ಟಿದರೆ ಬೇರಿಗೆ ಸಿಕ್ಕುವುದು ಕಮ್ಮಿ.

ಆ ದಿನದ ನಂತರ ನಾನು ಮೀಟರ್ ಲೆಕ್ಕ ಬಿಟ್ಟು ಒಂದು ಮಳೆಗಾಲ ಪೂರ್ತಿ 12 ಮೀಟರ್ ಒಳಗೇ ಅಭ್ಯಾಸ ಮಾಡಿದೆ. ಈಗಲೂ ನನಗೆ ಸಿಗುವ ಮೀನುಗಳಲ್ಲಿ ಹೆಚ್ಚಿನವು ಆ ಅಳತೆಯ ಒಳಗೇ.

ಅಳಿವೆ: ಇಲ್ಲಿ ದೂರ ಬೇಕು

ಶಿರಿಯ, ಮೊಗ್ರಾಲ್, ಚಂದ್ರಗಿರಿ ಹೊಳೆಗಳ ಬಾಯಿಯಲ್ಲಿ ಹೊಯಿಗೆ ದಿಬ್ಬ ಇರುತ್ತದೆ. ಇಳಿತದಲ್ಲಿ ನೀರು ದಿಬ್ಬ ದಾಟಿ ಆಳಕ್ಕೆ ಬೀಳುವ ಅಂಚಿನಲ್ಲಿ ಮೀನು ನಿಲ್ಲುತ್ತದೆ. ಆ ಅಂಚು ಕಾಲಿನ ಹತ್ತಿರ ಇರುವುದಿಲ್ಲ. ದಿಬ್ಬದ ಮೇಲೆ ತೀರಾ ಮುಂದೆ ಹೋಗುವುದೂ ಅಪಾಯ, ಅಡಿಯ ಹೊಯಿಗೆ ಜಾರುತ್ತದೆ, ಸೆಳೆತ ಜೋರು. 20 ಮೀಟರ್ ಎಸೆಯಲು ಬಂದರೆ ಹಿಂದೆ ನಿಂತೇ ತಲುಪಬಹುದು. ಮೀನು ಒಂದೇ ಜಾಗದಲ್ಲಿ ಕೂರುವುದೂ ಇಲ್ಲ, ಹಾಗಾಗಿ ಹೆಚ್ಚು ನೀರನ್ನು ಜಾಲಾಡಿದವರಿಗೆ ಹೆಚ್ಚು ಅವಕಾಶ. ಒಂದು ಮೀಟರ್ ಆಚೀಚೆ ಬಿದ್ದರೂ ನಡೆಯುತ್ತದೆ.

ದೂರಕ್ಕೆ ತೋಳಿನ ಬಲ ಬೇಕು ಅನ್ನುವುದು ತಪ್ಪು. ಅಮೆರಿಕದ ಜೋನ್ ವುಲ್ಫ್ ಎಂಬ ಮಹಿಳೆ 1951ರಲ್ಲಿ ಗಂಡಸರೇ ತುಂಬಿದ್ದ ದೂರದ ಎಸೆತದ ಸ್ಪರ್ಧೆ ಗೆದ್ದರು. ದೂರ ಬರುವುದು ಲೈನಿನ ವೇಗದಿಂದ. ವೇಗ ಹೆಚ್ಚಿಸುವುದು ಎಡಗೈ. ರಾಡ್ ವೇಗ ಏರುವ ಹೊತ್ತಿಗೇ ಎಡಗೈಯಿಂದ ಲೈನನ್ನು ಚಕ್ಕನೆ ಕೆಳಗೆಳೆದು, ಕೂಡಲೇ ಮೇಲೆ ಬಿಟ್ಟುಕೊಡಬೇಕು. ಹಿಂದಿನ ಬೀಸಿಗೆ ಒಂದು, ಮುಂದಿನದಕ್ಕೆ ಒಂದು. ಇದಕ್ಕೆ ಡಬಲ್ ಹಾಲ್ ಅನ್ನುತ್ತಾರೆ. ಮೊಸರು ಕಡೆಯುವಾಗ ಎರಡು ಕೈ ಹಗ್ಗ ಎಳೆದು ಬಿಡುತ್ತವಲ್ಲ, ಆ ಹದ ಗೊತ್ತಿದ್ದವರಿಗೆ ಬೇಗ ಬರುತ್ತದೆ.

ಈಗ ಗಾಳಿ. ನಮ್ಮ ಕರಾವಳಿಯಲ್ಲಿ ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಬೆಳಿಗ್ಗೆ ಗಾಳಿ ನೆಲದಿಂದ ಕಡಲಿಗೆ, ಮಧ್ಯಾಹ್ನದ ಮೇಲೆ ಕಡಲಿನಿಂದ ನೆಲಕ್ಕೆ. ಪಡುವಣಕ್ಕೆ ಮುಖ ಮಾಡಿ ನಿಂತವರಿಗೆ ಬೆಳಿಗ್ಗೆ ಗಾಳಿ ಬೆನ್ನಿಗೆ. ಆಗ ಹಿಂದಿನ ಬೀಸು ತಗ್ಗಿನಲ್ಲಿ, ಮುಂದಿನದು ಎತ್ತರದಲ್ಲಿ. ಗಾಳಿಯೇ ಲೈನ್ ಹೊತ್ತೊಯ್ಯುತ್ತದೆ. ಮಧ್ಯಾಹ್ನ ಗಾಳಿ ಮುಖಕ್ಕೆ. ಆಗ ತಿರುಗಾಮುರುಗಾ: ಹಿಂದಿನದು ಎತ್ತರ, ಮುಂದಿನದು ನೀರಿಗೆ ಹೊಡೆಯುವ ಹಾಗೆ ತಗ್ಗು.

ಹೊಳೆಯ ದಡದಲ್ಲಿ ಇನ್ನೊಂದು ವಿಷಯ ಇದೆ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ನಮ್ಮ ಹೊಳೆಗಳು ಪಡುವಣಕ್ಕೆ ಹರಿಯುತ್ತವೆ. ಬಲಗೈಯವರು ಉತ್ತರ ದಡದಲ್ಲಿ ನಿಂತು ದಕ್ಷಿಣಕ್ಕೆ ಎಸೆದರೆ ಮಧ್ಯಾಹ್ನದ ಗಾಳಿ ಬಲಗಡೆಯಿಂದ ಬಂದು ಲೈನನ್ನು ಮೈಮೇಲೆ ತಳ್ಳುತ್ತದೆ. ಒಮ್ಮೆ ಕೊಕ್ಕೆ ನನ್ನ ಕಿವಿಯ ಹಿಂದೆ ಚುಚ್ಚಿಕೊಂಡಿತು. ಕೊಕ್ಕೆಯ ಹಿಮ್ಮುಳ್ಳನ್ನು ಮೊದಲೇ ಇಕ್ಕಳದಿಂದ ಚಪ್ಪಟೆ ಮಾಡಿದ್ದರಿಂದ ಸುಲಭವಾಗಿ ಬಂತು. ಮಧ್ಯಾಹ್ನದ ಮೇಲೆ ಬಲಗೈಯವರಿಗೆ ದಕ್ಷಿಣ ದಡವೇ ಸರಿ, ಎಡಗೈಯವರಿಗೆ ಉತ್ತರ ದಡ. ಟೊಪ್ಪಿ, ಕನ್ನಡಕ ಯಾವ ದಡದಲ್ಲಿದ್ದರೂ ಬೇಕೇ ಬೇಕು.

ಗಾಳ ಹಾಕುವ ಕಲೆ ನಮ್ಮ ಈ ನೀರಿಗೆ ಹೊಸದಲ್ಲ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡದ ಭಾಗವೇ ಆಗಿತ್ತು. ಅದೇ ಜಿಲ್ಲೆಯಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲ್ಲಿವನ್ ಥಾಮಸ್ ಭಾರತದ ಗಾಳದ ಮೀನುಗಾರಿಕೆಯ ಬಗ್ಗೆ ಬರೆದ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಹೊಳೆಗಳಿಗೆ ವಿಷ ಹಾಕಿ ಮೀನು ನಾಶ ಮಾಡುವುದರ ಬಗ್ಗೆ ಆಗಲೇ ಚಿಂತೆ ಇತ್ತು.

ಯಾವುದನ್ನು ಕೊಳ್ಳುವುದು?

ತೋಡು, ಮೇಲಿನ ಹೊಳೆಗೆ: 5 ನಂಬರ್, ಮಧ್ಯಮ ಮೆತ್ತಗಿನ ರಾಡ್. ರೋಲ್ ಕಾಸ್ಟ್ ಜಾಸ್ತಿ ಇದ್ದರೆ ಎರಡೂ ತುದಿ ಸಪೂರ ಇರುವ ಡಬಲ್ ಟೇಪರ್ ಲೈನ್. ಅಳಿವೆಗೆ: 8 ನಂಬರ್, ಗಟ್ಟಿ ರಾಡ್, ತೂಕವೆಲ್ಲ ಮುಂದಿರುವ ವೆಯ್ಟ್ ಫಾರ್ವರ್ಡ್ ಲೈನ್. ಕಾಂಡ್ಲದ ಅಂಚಿಗೂ ಅದೇ 8 ನಂಬರ್ ಸಾಕು, ಆದರೆ ಮುಂದಿನ ಭಾರದ ಭಾಗ ಗಿಡ್ಡ ಇರುವ ಲೈನ್ ಹಾಕಿ, ಇಲ್ಲವೇ ಒಂದು ನಂಬರ್ ಹೆಚ್ಚಿನ ಲೈನ್. ಆಗ ಕಮ್ಮಿ ಲೈನಿಗೂ ರಾಡ್ ಬಾಗುತ್ತದೆ. ಒಂದೇ ಸೆಟ್ ಕೊಳ್ಳುವಷ್ಟು ದುಡ್ಡಿದ್ದರೆ 8 ನಂಬರ್ ರಾಡ್ ಒಂದು, ಲೈನ್ ಎರಡು. ರಾಡಿಗಿಂತ ಲೈನಿಗೆ ಖರ್ಚು ಮಾಡುವುದು ಒಳ್ಳೆಯದು. ತಣ್ಣೀರಿಗೆ ಮಾಡಿದ ಲೈನ್ ನಮ್ಮ ಸೆಕೆಗೆ ಬೆಂದ ಶ್ಯಾವಿಗೆಯ ಹಾಗೆ ಮೆತ್ತಗಾಗಿ ರಾಡಿನ ಬಳೆಗಳಿಗೆ ಅಂಟುತ್ತದೆ. ಬಿಸಿ ಹವೆಯ, ಟ್ರಾಪಿಕಲ್ ಅಂತ ಬರೆದ ಲೈನನ್ನೇ ಕೇಳಿ.

ಅಭ್ಯಾಸ

ಕೊಯ್ಲಾದ ಬೈಲು ಗದ್ದೆ ಒಳ್ಳೆಯ ಜಾಗ. ಮುರಕಲ್ಲಿನ ಅಂಗಳ, ಕಾಂಕ್ರೀಟ್ ಬೇಡ, ಲೈನಿನ ಮೇಲ್ಪದರ ಎರಡೇ ವಾರದಲ್ಲಿ ಸವೆಯುತ್ತದೆ. ಮೇಲೆ ಕರೆಂಟ್ ತಂತಿ ಹಾದುಹೋಗುವ ಗದ್ದೆಯನ್ನು ಬಿಟ್ಟುಬಿಡಿ. ಈ ರಾಡ್ ಕಾರ್ಬನ್ನಿನದ್ದು, ಅದರಲ್ಲಿ ವಿದ್ಯುತ್ ಹರಿಯುತ್ತದೆ. ತುಲಾ ತಿಂಗಳ ಗುಡುಗಿಗೂ ಇದೇ ಮಾತು, ದೂರದಲ್ಲಿ ಗುಡುಗಿದರೂ ರಾಡ್ ಕೆಳಗಿಡಿ.

ಗುರಿಗೆ ಹಳೆಯ ಸೈಕಲ್ ಟಯರ್ ಇಡಿ. ಸ್ಪರ್ಧೆಗಳಲ್ಲಿ ಇಡುವ ಬಳೆ 30 ಇಂಚು ಅಗಲ ಇರುತ್ತದೆ, ದೊಡ್ಡ ಸೈಕಲಿನ ಟಯರ್ ಅದಕ್ಕೆ ಹತ್ತಿರ. ಕೊಕ್ಕೆಯ ಬದಲು ಲೀಡರಿನ ತುದಿಗೆ ಕೆಂಪು ಉಣ್ಣೆಯ ಚೂರು ಕಟ್ಟಿ. 6, 9, 12 ಮೀಟರಿನಲ್ಲಿ ಒಂದೊಂದು ಟಯರ್. ಒಂದೇ ಟಯರಿಗೆ ಹತ್ತು ಸಲ ಎಸೆಯಬೇಡಿ. ಒಮ್ಮೆ ಹತ್ತಿರ, ಒಮ್ಮೆ ದೂರ, ಪ್ರತಿ ಸಲ ಉದ್ದ ಬದಲಾಗಲಿ. ಹೊಳೆಯಲ್ಲಿ ಮೀನು ಎರಡನೆಯ ಸಲ ಅದೇ ಅಳತೆಯಲ್ಲಿ ನಿಂತಿರುವುದಿಲ್ಲವಲ್ಲ. ಲೈನಿಗೆ 9 ಮತ್ತು 12 ಮೀಟರಿನಲ್ಲಿ ಅಳಿಸದ ಶಾಯಿಯ ಗೆರೆ ಹಾಕಿಕೊಳ್ಳಿ. ಸಂಜೆ 20 ನಿಮಿಷ ಸಾಕು, ಕೈ ಸೋತ ಮೇಲೆ ಮಾಡಿದ್ದು ಕೆಟ್ಟ ಅಭ್ಯಾಸವಾಗಿ ಉಳಿಯುತ್ತದೆ.

ವಾರಕ್ಕೊಂದು ದಿನ ಟಯರ್ ಬದಿಗಿಟ್ಟು ದೂರ ಎಸೆಯಿರಿ. 12 ಮೀಟರಿನಲ್ಲಿ ಮುಚ್ಚಿಹೋಗುವ ತಪ್ಪು 20ರಲ್ಲಿ ಬಯಲಿಗೆ ಬರುತ್ತದೆ. ಲೂಪ್ ಅಗಲವಾಗುವುದು, ಹಿಂದಿನ ಬೀಸು ನೆಲಕ್ಕೆ ಬೀಳುವುದು, ಮಣಿಕಟ್ಟು ಮಡಚುವುದು ಎಲ್ಲ ಕಾಣುತ್ತದೆ. ತಿರುಗಿ ಹಿಂದಿನ ಬೀಸನ್ನೂ ನೋಡಿ. ಅದು ನೇರವಾಗಿ ಚಾಚುವವರೆಗೆ ಕಾದು ಆಮೇಲೆ ಮುಂದೆ ಬನ್ನಿ. 20 ಮೀಟರ್ ಆರಾಮವಾಗಿ ಎಸೆಯುವವರಿಗೆ 12 ಮೀಟರಿಗೆ ಜೋರೇ ಬೇಡ, ಜೋರಿಲ್ಲದ ಕೈ ನಡುಗುವುದಿಲ್ಲ. ದೂರ ಬಿಡಬೇಡಿ ಅಂದದ್ದು ಇದಕ್ಕೇ.

12 ಮೀಟರಿನ ಟಯರಿಗೆ ಹತ್ತರಲ್ಲಿ ಏಳು ಎಸೆತ ಒಳಗೆ ಬಿದ್ದರೆ ಶಿರಿಯಕ್ಕೆ ಹೊರಡಿ. ಇಳಿತ ಬೆಳಿಗ್ಗೆ ಇರುವ ದಿನ ನೋಡಿ, ಬಿಸಿಲೇರುವ ಮೊದಲು, ಗಾಳಿ ಇನ್ನೂ ಬೆನ್ನಿಗಿರುವಾಗ.